ಅಲಿವೇಲಮ್ಮನ ಪುಟ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಕಾಗದ ಕೈಗೆ ಬಂದರೂ ಮೊದಲು ನನ್ನ ಹೆಬ್ಬೆರಳು ನಾಲಿಗೆಗೆ ಹೋಗುತ್ತದೆ. ಮೂವತ್ತೊಂದು ವರ್ಷ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವನ ಹೆಬ್ಬೆರಳು ಅದು. ಜೋತಾಡುವ ಬಸ್ಸಿನಲ್ಲಿ ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಕೈ ಟಿಕೆಟ್ ಪುಸ್ತಕಕ್ಕೆ; ಆ ತೆಳು ಕಾಗದ ಬಿಡಿಸಲು ಎಂಜಲನ್ನು ಬಿಟ್ಟರೆ ಬೇರೆ ಉಪಾಯವನ್ನು ಯಾರೂ ಕಂಡುಹಿಡಿದಿರಲಿಲ್ಲ. ಕೆಲಸ ಬಿಟ್ಟು ಮಧುಗಿರಿಯ ಮನೆಯಲ್ಲಿ ಕೂತ ಮೇಲೂ ಬೆರಳಿಗೆ ಆ ಸುದ್ದಿ ಮುಟ್ಟಿಲ್ಲ. ಲಗ್ನಪತ್ರಿಕೆ, ಪಂಚಾಂಗ, ಔಷಧಿ ಚೀಟಿ ಎಲ್ಲದರ ಮೇಲೂ ನನ್ನ ಎಂಜಲಿನ ಮುದ್ರೆ ಬೀಳುತ್ತದೆ. ಮದುವೆಯ ಪಂಕ್ತಿಯೊಂದರಲ್ಲಿ ಒಂದಕ್ಕೊಂದು ಅಂಟಿದ ಬಾಳೆಎಲೆಯನ್ನೂ ಹಾಗೆಯೇ ಬಿಡಿಸಲು ಹೋಗಿ ಪಕ್ಕದವರಿಂದ ಬೈಸಿಕೊಂಡಿದ್ದೇನೆ.

ಅದೇ ಬೆರಳಿನ ದೆಸೆಯಿಂದ ನನ್ನ ಅರವತ್ತೆರಡನೇ ವಯಸ್ಸಿನಲ್ಲಿ ಹದಿಮೂರು ಜನ ಹೆಂಗಸರ ಎದುರು ಮಾನ ಹೋಯಿತು. ಫೋನಿನ ಪರದೆಯೊಳಗೆ ಹದಿಮೂರು ಚೌಕಗಳಲ್ಲಿ ಅವರು ಕೂತಿದ್ದರು. ನಾನು ಹೆಬ್ಬೆರಳು ನೆಕ್ಕಿ ಹಳೆಯ ಫೋಟೋ ಒಂದನ್ನು ಎತ್ತಿದ್ದೇ ತಡ, ಹದಿನಾಲ್ಕನೇ ಚೌಕದಿಂದ ಟೀಚರಮ್ಮ ಚೀರಿದರು.

“ಸರ್! ಹನುಮಂತರಾಯಪ್ಪ ಸರ್! ಬೆರಳು ನೆಕ್ಕಬೇಡಿ! ಫೋಟೋ ಹಾಳಾಗುತ್ತೆ!”

ಇದು ಎರಡನೇ ತರಗತಿಯ ಮಾತು. ಮೊದಲನೆಯ ತರಗತಿಯಲ್ಲಿ ಮಾನ ಹೋಗಲಿಲ್ಲ. ಏಕೆಂದರೆ ನಾನು ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ್ದೆ. ಒಂದೂವರೆ ಗಂಟೆ ಆ ಮಹಾತಾಯಿಯರೆಲ್ಲ ನಮ್ಮ ಮನೆಯ ಫ್ಯಾನನ್ನೇ ಹನುಮಂತರಾಯಪ್ಪ ಎಂದು ತಿಳಿದು ಮಾತನಾಡಿಸಿದ್ದರು.

ನಾನು ಈ ಹೆಂಗಸರ ಗುಂಪಿಗೆ ಹೇಗೆ ಸೇರಿದೆ ಎಂದು ಹೇಳಬೇಕಲ್ಲ. ಕೊರಟಗೆರೆಯಲ್ಲಿ ಹೈಸ್ಕೂಲು ಟೀಚರಾಗಿರುವ ನನ್ನ ಮಗಳು ಸುಮ, ನಿವೃತ್ತನಾದ ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ ಕೂತು ಬೇರೆ ಕಂಡಕ್ಟರುಗಳಿಗೆ ಬುದ್ಧಿ ಹೇಳುತ್ತಾನೆಂದು ಯಾರಿಂದಲೋ ಕೇಳಿಸಿಕೊಂಡಳು. ಮುಂದಿನ ಭಾನುವಾರವೇ ಬಂದು, “ಅಪ್ಪಾ, ನಿಂಗೊಂದು ಆನ್‌ಲೈನ್ ಕ್ಲಾಸಿಗೆ ಸೇರಿಸಿದೀನಿ. ಸ್ಕ್ರ್ಯಾಪ್‌ಬುಕ್ ಮಾಡೋದು ಕಲಿಸ್ತಾರೆ” ಎಂದಳು.

ನನಗೆ ತಿಳಿದ ಸ್ಕ್ರ್ಯಾಪ್ ಒಂದೇ, ಗುಜರಿ. ನಾನು ಕೆಲಸ ಮಾಡಿದ ಬಸ್ಸುಗಳೆಲ್ಲ ಕೊನೆಗೆ ಸೇರಿದ ಜಾಗ. ಒಲೆಯ ಮುಂದಿದ್ದ ನನ್ನ ಹೆಂಡತಿ ಅಲಿವೇಲಮ್ಮನಿಗೂ ಹಾಗೇ ಅನ್ನಿಸಿರಬೇಕು. “ಗುಜರಿ ಮಾಡೋದ ಕಲಿಯೋಕೆ ಪೋನ್ ಯಾಕಮ್ಮಿ? ದಿನಾ ಬೆಳಗ್ಗೆ ಸೈಕಲ್ ಮೇಲೆ ಕೂಗ್ಕೊಂಡು ಬರ್ತಾನಲ್ಲ, ಅವನನ್ನ ಕೇಳಿದ್ರೆ ಹೇಳ್ಕೊಡಾಕಿಲ್ವಾ?” ಎಂದಳು.

ಸುಮ ತಾಳ್ಮೆಯಿಂದ ವಿವರಿಸಿದಳು. ಮನೆಯ ಹಳೆಯ ಫೋಟೋ, ಕಾಗದ, ಪತ್ರ, ಟಿಕೆಟ್ಟು, ಬಟ್ಟೆಯ ತುಂಡು ಎಲ್ಲವನ್ನೂ ದಪ್ಪ ಹಾಳೆಯ ಪುಸ್ತಕದಲ್ಲಿ ಚಂದವಾಗಿ ಅಂಟಿಸಿ, ಪಕ್ಕದಲ್ಲಿ ಅದರ ಕಥೆ ಬರೆಯುವುದು. ಶನಿವಾರ, ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಕ್ಲಾಸು. ಕಲಿಸುವ ಚೈತ್ರಾ ಮೇಡಂ ಮೈಸೂರಿನಲ್ಲಿದ್ದಾರೆ. ಹತ್ತು ವಾರ.

ಇದನ್ನು ಕೇಳಿದಾಗ ನನಗೆ ನನ್ನವ್ವನ ಪೆಟ್ಟಿಗೆ ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ಕೊರಟಗೆರೆಯಲ್ಲಿ. ನಮ್ಮವ್ವನ ಹತ್ತಿರ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರ ಮುಚ್ಚಳದ ಒಳಮೈಗೆ ಅವಳು ಸಿಕ್ಕಿದ್ದೆಲ್ಲ ಅಂಟಿಸುತ್ತಿದ್ದಳು: ಬೆಂಕಿಪೊಟ್ಟಣದ ಚಿತ್ರ, ಸೋಪಿನ ಮೇಲಿನ ಹೂವು, ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯ ಬರೀ ಪಾದ (ಮುಖವನ್ನು ಇಲಿ ತಿಂದಿತ್ತು), ನನ್ನ ಒಂದನೇ ಕ್ಲಾಸಿನ ಸ್ಲೇಟಿನ ಅಂಚಿಗಿದ್ದ ಬಣ್ಣದ ಚೀಟಿ. ಅಂಟೆಂದರೆ ರಾಗಿ ಗಂಜಿ. ಜಿರಲೆಗಳಿಗೆ ಅದು ಹಬ್ಬದೂಟ. ಅವ್ವ ಬೈದುಕೊಳ್ಳುತ್ತಲೇ ಮತ್ತೆ ಗಂಜಿ ಕಾಸಿ ಅಂಟಿಸುತ್ತಿದ್ದಳು. ನಾವು ಮಕ್ಕಳು ಜ್ವರ ಬಂದು ಮಲಗಿದಾಗ ಪೆಟ್ಟಿಗೆಯ ಮುಚ್ಚಳ ತೆಗೆದು ಎದುರಿಗಿಟ್ಟು, “ನೋಡ್ಕಂಡು ಮನೀಕಳಿ” ಎನ್ನುತ್ತಿದ್ದಳು. ಅಕ್ಷರ ಬಾರದ ನಮ್ಮವ್ವ ಈ ವಿದ್ಯೆಯನ್ನು ಯಾವ ಕ್ಲಾಸಿಗೂ ಹೋಗದೆ ಕಲಿತಿದ್ದಳು. ಅವಳ ಮಗ ಫೋನಿನಲ್ಲಿ ಕಲಿಯಲು ನಾಚುವುದು ಯಾಕೆ ಎಂದುಕೊಂಡು ಒಪ್ಪಿದೆ.

ಕಲಿಕೆ ಸುಲಭವಾಗಿರಲಿಲ್ಲ. ಆಸಿಡ್ ಇಲ್ಲದ ಕಾಗದ ತನ್ನಿ, ಇಲ್ಲದಿದ್ದರೆ ಫೋಟೋಗಳು ಹಳದಿಯಾಗುತ್ತವೆ ಎಂದು ಮೇಡಂ ಹೇಳಿದ್ದರು. ಮಧುಗಿರಿಯ ಒಂದು ಪುಸ್ತಕದಂಗಡಿಗೆ ಹೋಗಿ, “ಆಸಿಡ್ ಇಲ್ಲದ್ದು ಕೊಡಪ್ಪ” ಎಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಸಿಡ್ ಇರೋದು ಬೇಕಾದ್ರೆ ಹಾರ್ಡ್‌ವೇರ್ ಅಂಗ್ಡೀಲಿ ಸಿಗ್ತೈತೆ ಕಣಣ್ಣ. ಇಲ್ಲದ್ದು ಬೇಕಾದ್ರೆ ಇಲ್ಲಿ ಯಾವುದ್ರಲ್ಲೂ ಇಲ್ಲ, ಯಾವ್ದಾದ್ರೂ ತಗಂಡೋಗು” ಎಂದ. ಕೊನೆಗೆ ಸುಮಳೇ ತರಿಸಿಕೊಟ್ಟಳು.

ಮೊದಲ ಪುಟ ಬಸ್ ಟಿಕೆಟ್ಟುಗಳದ್ದು. ಎರಡನೆಯದು ಅವ್ವನ ಪೆಟ್ಟಿಗೆ. ಆ ಪೆಟ್ಟಿಗೆ ಎಂದೋ ಹೋಗಿತ್ತು. ನೆನಪಿನಿಂದಲೇ ಮುಚ್ಚಳದ ಚಿತ್ರ ಬರೆದು, ಅದರೊಳಗೆ ಬೆಂಕಿಪೊಟ್ಟಣದ ಚಿತ್ರಗಳನ್ನು ಅಂಟಿಸಿದೆ. ಹದಿಮೂರು ಹೆಂಗಸರೂ ಚಪ್ಪಾಳೆ ತಟ್ಟಿದರು. ನನ್ನ ತಲೆ ಸ್ವಲ್ಪ ತಿರುಗಿತೆಂದೇ ಹೇಳಬೇಕು. ಅಲಿವೇಲಮ್ಮ ಮುದ್ದೆಗೆ ಕರೆದರೆ, “ತಡಿಯೇ, ಕ್ಲಾಸೈತೆ” ಎನ್ನುವಷ್ಟು.

ಐದನೇ ವಾರ ಚೈತ್ರಾ ಮೇಡಂ ಹೊಸ ಪಾಠ ಕೊಟ್ಟರು. ಮನೆಯಲ್ಲಿ ನಿಮ್ಮ ಜೊತೆ ಅತಿ ಹೆಚ್ಚು ದಿನ ಇದ್ದವರ ಬಗ್ಗೆ ಒಂದು ಪುಟ ಮಾಡಿ. ಅವರೊಬ್ಬರದೇ ಫೋಟೋ ಇರಬೇಕು. ಅದರಲ್ಲಿ ಅವರು ನಗುತ್ತಿದ್ದರೆ ಇನ್ನೂ ಒಳ್ಳೆಯದು.

ಇದೇನು ಮಹಾ ಎಂದು ಫೋಟೋಗಳ ಡಬ್ಬ ಸುರಿದುಕೊಂಡು ಕೂತೆ. ಒಂದು ಗಂಟೆಯಾಯಿತು. ಎರಡಾಯಿತು. ಅಲಿವೇಲಮ್ಮನ ಫೋಟೋಗಳು ಬೇಕಾದಷ್ಟಿದ್ದವು. ಮದುವೆಯದರಲ್ಲಿ ಬಾಸಿಂಗದ ಹಿಂದೆ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಸುಮಳ ನಾಮಕರಣದಲ್ಲಿ ಆರತಿ ತಟ್ಟೆ ಹಿಡಿದ ಎರಡು ಕೈ ಅವಳದು. ನನ್ನ ತಮ್ಮನ ಗೃಹಪ್ರವೇಶದಲ್ಲಿ ಬಡಿಸಲು ಬಗ್ಗಿದ ಬೆನ್ನು. ಇನ್ನೊಂದರಲ್ಲಿ ಯಾರದೋ ಮಗುವನ್ನು ಎತ್ತಿಕೊಂಡಿದ್ದಳು. ಮಗುವಿನ ಟೋಪಿ ಅವಳ ಮುಖಕ್ಕೆ ಅಡ್ಡ. ಪೂರ್ತಿ ಮುಖವಿದ್ದದ್ದು ಮತದಾರರ ಚೀಟಿಯಲ್ಲಿ ಮಾತ್ರ. ಅದರಲ್ಲಿ ಅವಳು ಪೊಲೀಸರು ಹುಡುಕುತ್ತಿರುವವಳಂತೆ ಇದ್ದಳು.

ಮೂವತ್ತೆಂಟು ವರ್ಷ ಜೊತೆಗಿದ್ದವಳು ನಗುವ ಒಂದು ಫೋಟೋ ನನ್ನ ಮನೆಯಲ್ಲಿರಲಿಲ್ಲ.

ಹೊಸದಾಗಿ ತೆಗೆದರಾಯಿತೆಂದು ಫೋನ್ ಹಿಡಿದು ಅಡುಗೆಮನೆಗೆ ಹೋದೆ. ಅವಳು ಮುದ್ದೆ ತಿರುವುತ್ತಿದ್ದಳು. “ಏಯ್, ಇತ್ಲಾಗೆ ನೋಡು, ನಗು” ಎಂದೆ.

“ಏಮಯ್ಯಾ, ಪಿಚ್ಚಿ ಹಿಡೀತಾ ನಿಂಗೆ? ಕೈಯಾಗೆ ಕೋಲೈತೆ ನೋಡು” ಎಂದಳು. ಪಾವಗಡದ ಕಡೆಯವಳು, ಕೋಪ ಬಂದಾಗ, ಖುಷಿಯಾದಾಗ ತೆಲುಗು ತಾನಾಗಿ ನುಗ್ಗುತ್ತದೆ. ಪಿಚ್ಚಿಯೆಂದರೆ ಹುಚ್ಚು ಎಂದು ನನಗೆ ಮದುವೆಯಾದ ವಾರದಲ್ಲೇ ತಿಳಿದಿತ್ತು.

ಮುಂದಿನ ಕ್ಲಾಸಿನಲ್ಲಿ ನಿಜವನ್ನು ಒಪ್ಪಿಕೊಂಡೆ. ಚೈತ್ರಾ ಮೇಡಂ ನಗಲಿಲ್ಲ. “ಸರ್, ಹಾಗಾದ್ರೆ ನೀವು ಅವರನ್ನ ನೋಡೋಕೆ ಮುಂಚೆ ಅವರು ಹೇಗಿದ್ರು ಅಂತ ಕೇಳಿ. ಅಲ್ಲಿಂದ ಶುರು ಮಾಡಿ” ಎಂದರು.

ಕೇಳಿದೆ. “ಏನೈತೆ ಹೇಳಾಕೆ? ಹುಟ್ಟಿದೆ, ನಿನ್ನ ಕಟ್ಕಂಡೆ, ಅಷ್ಟೇಯ” ಎಂದು ಅವಳು ಅವರೆಕಾಯಿ ಸುಲಿಯುತ್ತಾ ಕೂತಳು. ನಾನೂ ಎದುರಿಗೆ ಕೂತು ಸುಲಿಯತೊಡಗಿದೆ. ಒಂದು ಕಾಲು ಚಾಚಿ, ಇನ್ನೊಂದನ್ನು ಮಡಿಚಿ ಕೂತಿದ್ದಳು. ಸೀರೆ ತುಸು ಸರಿದು ಮಂಡಿಯ ಕೆಳಗಿನ ಉದ್ದನೆಯ ಕಲೆ ಕಾಣಿಸಿತು. ಆ ಕಲೆ ನಾನು ನೋಡದ್ದೇನಲ್ಲ. ಬಾವಿಗೆ ನೀರಿಗೆ ಹೋದಾಗ ಜಾರಿ ಬಿದ್ದದ್ದೆಂದು ನಾನೇ ಒಂದು ಕಥೆ ಕಟ್ಟಿಕೊಂಡಿದ್ದೆ, ಕೇಳಿರಲಿಲ್ಲ. ಅಂದು ಕೇಳಿದೆ.

“ಅದಾ? ಖೋ ಖೋ ಆಡೋವಾಗ ಆಗಿದ್ದು. ತುಮಕೂರಿನಾಗೆ.”

“ನೀನು ಖೋ ಖೋ ಆಡ್ತಿದ್ಯಾ?”

ಅವಳು ಒಂದು ಕಾಯಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಆಮೇಲೆ ತಲೆ ಎತ್ತದೆಯೇ ಹೇಳತೊಡಗಿದಳು. ನಾಗಲಮಡಿಕೆಯ ಹತ್ತಿರದ ಅವಳ ಊರಿನ ಹೈಸ್ಕೂಲಿನಲ್ಲಿ ಹುಡುಗಿಯರ ತಂಡವಿತ್ತು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪಾವಗಡದಲ್ಲಿ ಗೆದ್ದು ಜಿಲ್ಲೆಯ ಆಟಕ್ಕೆ ತುಮಕೂರಿಗೆ ಹೋದರು. ಕೊನೆಯ ಆಟದಲ್ಲಿ ಎದುರು ತಂಡದ ಮೂವರು ಓಟಗಾರ್ತಿಯರು ಉಳಿದಿದ್ದರು, ಗಳಿಗೆ ಮುಗಿಯುತ್ತಾ ಬಂದಿತ್ತು. ಇಬ್ಬರನ್ನು ಹಿಡಿದಳು. ಮೂರನೆಯವಳು ಕೈಗೆ ಸಿಗದೆ ನುಣುಚಿದಾಗ ನೆಲಕ್ಕೆ ಹಾರಿ ಅವಳ ಹಿಮ್ಮಡಿ ಮುಟ್ಟಿದಳು. ಮಂಡಿ ಸೀಳಿತು, ಅದೇ ಹೊತ್ತಿಗೆ ಸೀಟಿಯೂ ಊದಿತು. ಅವರ ಶಾಲೆಗೆ ಷೀಲ್ಡ್ ಬಂತು. ಷೀಲ್ಡಿನ ಜೊತೆ ಸ್ಟುಡಿಯೋದಲ್ಲಿ ಫೋಟೋ ಹಿಡಿಸಿದರು. ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ಒಬ್ಬೊಬ್ಬರ ಹೆಸರು ಕರೆದು ಸರ್ಟಿಫಿಕೇಟು ಕೊಡುತ್ತೇವೆ ಎಂದು ಹೆಡ್‌ಮಾಸ್ಟರು ಹೇಳಿದ್ದರು.

“ನಮ್ಮಪ್ಪಂಗೆ ಯಾರೋ ಹೇಳಿದ್ರು. ನಿನ್ ಮಗಳು ಚಡ್ಡಿ ಹಾಕ್ಕಂಡು ತುಮಕೂರಿನಾಗೆ ಗಂಡಸರ ಮುಂದೆ ಓಡಿದ್ಲು ಅಂತ. ಸೋಮವಾರ ನಾನು ಇಸ್ಕೂಲಿಗೆ ಹೋಗ್ಲಿಲ್ಲ. ಆಮೇಕೂ ಹೋಗ್ಲಿಲ್ಲ” ಎಂದಳು. ಮೊರದಲ್ಲಿದ್ದ ಕಾಳನ್ನು ಒಮ್ಮೆ ಕೇರಿ ಎದ್ದು ಒಳಗೆ ಹೋದಳು.

ನಾನು ಸಿಪ್ಪೆಯ ರಾಶಿಯ ಮುಂದೆ ಕೂತೇ ಇದ್ದೆ. ಬಹಳ ವರ್ಷಗಳ ಹಿಂದಿನ ಒಂದು ಬೆಳಗ್ಗೆ ನೆನಪಾಯಿತು. ಸುಮ ಕಾಲೇಜಿನಿಂದ ಎನ್‌ಸಿಸಿ ಕ್ಯಾಂಪಿಗೆ ಹೋಗಲು ಅಪ್ಪನ ರುಜು ಕೇಳಿದ್ದಳು. ಹತ್ತು ದಿನ, ಹೊರ ಊರು, ಪ್ಯಾಂಟು ಶರಟು. “ಬ್ಯಾಡ” ಎಂದು ನಾನು ಡ್ಯೂಟಿಗೆ ಹೊರಟಿದ್ದೆ. ಎಂದೂ ದನಿ ಎತ್ತದ ಅಲಿವೇಲಮ್ಮ ಅಂದು ಬಾಗಿಲಿಗೆ ಅಡ್ಡ ನಿಂತು, “ರುಜು ಹಾಕಿ ಹೋಗು. ಇಲ್ದಿದ್ರೆ ನಾನು ಒಲೆ ಹಚ್ಚಾಕಿಲ್ಲ. ಇವತ್ತೂ ಇಲ್ಲ, ನಾಳೀಕೂ ಇಲ್ಲ” ಎಂದಿದ್ದಳು. ಬಸ್ಸಿಗೆ ಹೊತ್ತಾಗುತ್ತದೆಂದು ಗೊಣಗಿಕೊಂಡು ರುಜು ಹಾಕಿದ್ದೆ. ಇವಳಿಗೇನು ದೆವ್ವ ಹಿಡಿಯಿತು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಉತ್ತರ ಈಗ ಸಿಕ್ಕಿತು. ನಾಚಿಕೆಯಾಯಿತು. ಆ ಬಾಗಿಲಲ್ಲಿ ಅಂದು ಅವಳು ಕಂಡದ್ದು ನನ್ನನ್ನಲ್ಲ, ಅವಳ ಅಪ್ಪನನ್ನು.

ಎದ್ದು ಒಳಗೆ ಹೋಗಿ, “ಆ ಫೋಟೋ ಎಲ್ಲೈತೆ?” ಎಂದೆ.

“ಇಸ್ಕೂಲ್ ಆಫೀಸ್‌ನಾಗೆ ಗೋಡೆಗೆ ಹಾಕಿದ್ರಂತೆ. ಈಗ ಎಲ್ಲಿರ್ತೈತೆ? ಪೋನೀಲೇ, ಹೋಗ್ಲಿ ಬುಡು.”

“ಬುಡಾಕಿಲ್ಲ. ನಾಳೆ ಹೋಗಾನ” ಎಂದೆ.

ಮಾರನೆಯ ದಿನ ಪಾವಗಡದ ಬಸ್ಸು ಹತ್ತಿದೆವು. ನಾನು ಓಡಾಡಿದ ದಾರಿಯೇ. ಆದರೆ ಸೀಟಿನಲ್ಲಿ ಕೂತು, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋದದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಮಿಡಿಗೇಶಿ ದಾಟಿದ ಮೇಲೆ ಬಂಡೆಗಳು ಬಿಸಿಲಿಗೆ ಬೆನ್ನೊಡ್ಡಿ ಮಲಗಿದ್ದವು. ಪಾವಗಡದಲ್ಲಿ ಬಸ್ಸು ಬದಲಿಸಿದೆವು. ಅಲಿವೇಲಮ್ಮ ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಾ ಕೂತಿದ್ದಳು. ಊರು ಬಂದಾಗ ನಾನು ಹೇಳುವ ಮುಂಚೆಯೇ ಎದ್ದು ನಿಂತಳು.

ಹೈಸ್ಕೂಲಿಗೆ ಹೊಸ ಕಟ್ಟಡ ಬಂದಿತ್ತು. ಹೆಡ್‌ಮಾಸ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಬೀರು ತೆಗೆದು ತೋರಿಸಿದರು. ಹಳೆಯ ಫೋಟೋ ಒಂದೂ ಇರಲಿಲ್ಲ. “ಹಳೇ ಕಟ್ಟಡ ಕೆಡವಿದಾಗ ಏನಾಯ್ತೋ ನಂಗೊತ್ತಿಲ್ಲ. ಆಗ ಅಟೆಂಡರ್ ಆಗಿದ್ದ ಓಬಳಪ್ಪ ಇಲ್ಲೇ ಪಕ್ಕದ ಬೀದೀಲಿದಾರೆ, ಕೇಳಿ” ಎಂದರು.

ಓಬಳಪ್ಪ ಎಂಬತ್ತು ದಾಟಿದ ಮುದುಕ. ಜಗಲಿಯ ಮೇಲೆ ಕಡಲೆಕಾಯಿ ಒಣಗಲು ಹರವಿಕೊಂಡು ಕೋಳಿ ಓಡಿಸುತ್ತಾ ಕೂತಿದ್ದರು. ನಾನು ಬಂದ ವಿಷಯ ಹೇಳಲು ಬಾಯಿ ತೆರೆದೆ. ಅವರು ನನ್ನನ್ನು ನೋಡಲೇ ಇಲ್ಲ. ಅಲಿವೇಲಮ್ಮನನ್ನೇ ದಿಟ್ಟಿಸಿ, “ನೂವು ಉಡುತ ಕದಾ?” ಎಂದರು, ನೀನು ಉಡುತ ಅಲ್ಲವಾ ಎಂದು.

ಉಡುತವೆಂದರೆ ತೆಲುಗಿನಲ್ಲಿ ಅಳಿಲು. ಅಳಿಲಿನ ಹಾಗೆ ಓಡುತ್ತಿದ್ದ ಹುಡುಗಿಗೆ ಇಡೀ ಶಾಲೆ ಇಟ್ಟ ಹೆಸರು. ನನ್ನ ಹೆಂಡತಿಗೆ ಹೀಗೊಂದು ಹೆಸರಿತ್ತೆಂದು ನನಗೆ ಗೊತ್ತಾದದ್ದು ಆ ಜಗಲಿಯ ಮುಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅವುನು ಓಬಳಪ್ಪಣ್ಣ, ನೇನೇ” ಎಂದಳು, ಹೌದು ನಾನೇ ಎಂದು. ಆಮೇಲೆ ಫೋಟೋದ ವಿಷಯವನ್ನು ಅವಳೇ ಕೇಳಿದಳು.

“ಆ ಪೋಟೋನಾ? ಹಳೇ ಬಿಲ್ಡಿಂಗು ಕೆಡವೋವಾಗ ಹಳೇ ಕಾಗದ ಎಲ್ಲಾ ಹೊರಗೆ ರಾಶಿ ಹಾಕಿದ್ವಮ್ಮ, ಸುಡಾಕೆ. ಅವತ್ತು ಆ ಮುಮ್ತಾಜು ತವರಿಗೆ ಬಂದಿದ್ಲು. ನಿನ್ ಸ್ನೇಹಿತೆ. ರಾಶಿಯಾಗೆ ಕೈ ಹಾಕಿ ಪೋಟೋ ಎತ್ಕೊಂಡು, ಇದು ನಂದು ಓಬಳಪ್ಪಣ್ಣ ಅಂತ ಹೊಂಟೇ ಹೋದ್ಲು. ಸಿರಾದಾಗೆ ಬಸ್ ಸ್ಟ್ಯಾಂಡ್ ಎದುರಿಗೆ ಅವಳ ಗಂಡಂದು ಬಳೆ ಅಂಗ್ಡಿ ಐತೆ.”

ಸಿರಾ ಬಸ್ ಸ್ಟ್ಯಾಂಡು! ಹನ್ನೊಂದು ವರ್ಷ ನಾನು ಮಧುಗಿರಿ–ಸಿರಾ ಬಸ್ಸಿನಲ್ಲಿದ್ದೆ. ಆ ಬಳೆ ಅಂಗಡಿಯ ಪಕ್ಕದಲ್ಲೇ ನಿಂತು ದಿನವೂ ಟೀ ಕುಡಿದಿದ್ದೆ. ಅದರ ಮುಂದೆ ನಿಂತವರನ್ನೆಲ್ಲ ಕೂಗಿ ಕರೆದು ಬಸ್ಸು ಹತ್ತಿಸಿದ್ದೆ. ಹೆಂಡತಿಯ ಬಾಲ್ಯ ಗಾಜಿನ ಬಳೆಗಳ ಹಿಂದೆ ಕೂತಿತ್ತು; ಟೀ ಲೋಟ ಹಿಡಿದ ನಾನು ಹೊರಗೆ ನಿಂತಿದ್ದೆ.

ಎರಡು ದಿನ ಬಿಟ್ಟು ಸಿರಾಕ್ಕೆ ಹೋದೆವು. ದಾರಿಯಲ್ಲಿ ಅಲಿವೇಲಮ್ಮನಿಗೆ ಅಳುಕು ಶುರುವಾಯಿತು. “ಅವಳಿಗೆ ನನ್ ಗುರುತು ಸಿಗ್ತದಾ? ನಾನು ಹೇಳ್ದೆ ಕೇಳ್ದೆ ಬಿಟ್ಟು ಬಂದವಳು. ಮಾತಾಡ್ಸದೆ ಇದ್ರೆ?” ಎಂದಳು.

ಅಂಗಡಿಯಲ್ಲಿ ಬುರ್ಖಾ ತೊಟ್ಟ, ಕನ್ನಡಕದ ಹೆಂಗಸೊಬ್ಬರು ನಮಗೆ ಬೆನ್ನು ಹಾಕಿ, ಕುಕ್ಕರಗಾಲಿನಲ್ಲಿ ಕೂತು ಕೆಳಗಿನ ಖಾನೆಯಲ್ಲಿ ಬಳೆ ಜೋಡಿಸುತ್ತಿದ್ದರು. ನಾನು, “ಅಮ್ಮಾ” ಎನ್ನಬೇಕೆಂದಿದ್ದೆ. ಅಲಿವೇಲಮ್ಮ ನನ್ನ ತೋಳು ಹಿಡಿದು ತಡೆದಳು. ಮೆಲ್ಲಗೆ ಎರಡು ಹೆಜ್ಜೆ ಮುಂದೆ ಹೋದಳು. ಬಗ್ಗಿ, ಕೂತವರ ಬೆನ್ನಿನ ಮೇಲೆ ಅಂಗೈ ತಟ್ಟಿ, “ಖೋ!” ಎಂದಳು.

ಆ ಹೆಂಗಸು ಬೆಚ್ಚಿಬೀಳಲಿಲ್ಲ. ಮಂಡಿ ನೋವಿನವರಂತೆ ನಿಧಾನವಾಗಿ ಏಳಲೂ ಇಲ್ಲ. ಸ್ಪ್ರಿಂಗು ಬಿಟ್ಟ ಹಾಗೆ ಎದ್ದು ನಿಂತುಬಿಟ್ಟರು. ಎದ್ದ ಮೇಲೆ ತಾನು ಯಾಕೆ ಎದ್ದೆ ಎಂದು ಅವರಿಗೇ ತಿಳಿಯದೆ ಒಂದು ಗಳಿಗೆ ಗೋಡೆ ನೋಡಿದರು. ಆಮೇಲೆ ತಿರುಗಿದರು.

“ಯಾ ಅಲ್ಲಾ! ಉಡುತಾ!”

ಮುಂದಿನ ಅರ್ಧ ಗಂಟೆ ನನಗೆ ಅಲ್ಲಿ ಕೆಲಸವಿರಲಿಲ್ಲ. ತೆಲುಗು, ಉರ್ದು, ಕನ್ನಡ, ಅಳು, ನಗು ಎಲ್ಲ ಒಟ್ಟಿಗೆ ಹರಿಯಿತು. ಬಳೆ ಕೊಳ್ಳಲು ಬಂದ ಇಬ್ಬರು ಹುಡುಗಿಯರು ನಿಂತು ನೋಡಿ ಕಣ್ಣೊರೆಸಿಕೊಂಡು ಹೋದರು. ಕೊನೆಗೆ ಮುಮ್ತಾಜ್ ನನ್ನ ಕಡೆ ತಿರುಗಿ ಕನ್ನಡಕ ಸರಿಪಡಿಸಿಕೊಂಡರು. “ಅರೆ, ಈ ಅಣ್ಣ! ‘ಒಳಗೆ ಹೋಗ್ರೀ, ಒಳಗೆ ಖಾಲಿ ಐತೆ’ ಅಂತ ಸುಳ್ಳು ಹೇಳಿ ನಮ್ಮನ್ನೆಲ್ಲಾ ತುಂಬ್ತಿದ್ರಲ್ಲ! ಇವ್ರಾ ನಿನ್ ಗಂಡ?” ಎಂದರು.

ಆಮೇಲೆ ಒಳಮನೆಯ ಬೀರುವಿನಿಂದ ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ತಂದರು. ಬಿಚ್ಚಿದರೆ ಫೋಟೋ. ಒಂಬತ್ತು ಹುಡುಗಿಯರು, ಎರಡು ಜಡೆ, ಬಿಳಿ ಅಂಗಿ. ನಡುವೆ ಷೀಲ್ಡು ಹಿಡಿದು, ಮಂಡಿಗೆ ದಪ್ಪ ಬ್ಯಾಂಡೇಜು ಕಟ್ಟಿಕೊಂಡು, ಮೂವತ್ತೆರಡು ಹಲ್ಲೂ ಕಾಣುವ ಹಾಗೆ ನಗುತ್ತಿದ್ದವಳು ನನ್ನ ಹೆಂಡತಿ. ಆ ನಗುವನ್ನು ನಾನು ಎಂದೂ ನೋಡಿರಲಿಲ್ಲ. ಕೈ ಚಾಚಿದೆ, ಬಾಯಿಗೆ ಹೊರಟಿದ್ದ ಹೆಬ್ಬೆರಳು ಈ ಸಲ ತಾನಾಗಿಯೇ ಅರ್ಧ ದಾರಿಯಲ್ಲಿ ನಿಂತಿತು.

ಫೋಟೋದ ಕೆಳಗೆ ಇನ್ನೊಂದು ಕಾಗದವಿತ್ತು. ಮುಮ್ತಾಜ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲಿವೇಲಮ್ಮನಿಗೆ ಕೊಟ್ಟರು.

“ಸೋಮವಾರ ಹೆಡ್‌ಮಾಸ್ಟರು ಎಲ್ಲಾರ ಹೆಸರೂ ಕೂಗಿದ್ರು. ನಿನ್ ಹೆಸರು ಕೂಗಿದಾಗ ಯಾರೂ ಹೋಗ್ಲಿಲ್ಲ. ಎಲ್ಡು ಸಲ ಕೂಗಿದ್ರು. ನಾನೇ ಹೋಗಿ ಇಸ್ಕೊಂಡೆ, ಅವಳಿಗೆ ಕೊಡ್ತೀನಿ ಸಾರ್ ಅಂತ. ನಿಮ್ಮನೆ ತಂಕ ಬಂದೆ ಕಣೇ. ನಿಮ್ಮಪ್ಪ ಬಾಗ್ಲಾಗೆ ನಿಂತು, ಹೋಗು ಅಂದ್ರು. ನಾನು ಮಾತು ಕೊಟ್ಟಿದ್ನಲ್ಲ, ಬಿಸಾಕಾಕೆ ಆಯ್ತದಾ? ಮದುವೆ ಆಗಿ ಬರೋವಾಗ ನನ್ ಬಟ್ಟೆ ಜೊತೆ ಇದೂ ತಂದೆ.”

ಅಲಿವೇಲಮ್ಮನಿಗೆ ಕಣ್ಣು ಮಂಜಾಗಿ ಓದಲಾಗಲಿಲ್ಲ. ನಾನು ಜೋರಾಗಿ ಓದಿದೆ. ಕುಮಾರಿ ಅಲಿವೇಲು, ಒಂಬತ್ತನೇ ತರಗತಿ. ಜಿಲ್ಲಾ ಮಟ್ಟದ ಖೋ ಖೋ, ಪ್ರಥಮ ಸ್ಥಾನ. ತಂಡದ ನಾಯಕಿ.

“ನಾಯಕಿ? ಅದ ನೀನು ಹೇಳ್ಲೇ ಇಲ್ಲ” ಎಂದೆ.

“ನೀನು ಕೇಳ್ಲಿಲ್ಲ” ಎಂದಳು.

ಆ ವಾರ ನಾನು ಮಾಡಿದ ಪುಟದಷ್ಟು ಶ್ರದ್ಧೆಯಿಂದ ಬದುಕಿನಲ್ಲಿ ಬೇರೇನನ್ನೂ ಮಾಡಿಲ್ಲ. ಮೂಲವನ್ನು ಕತ್ತರಿಸಬಾರದು ಎಂದು ಮೇಡಂ ಕಲಿಸಿದ್ದಂತೆ ಎರಡಕ್ಕೂ ಒಳ್ಳೆಯ ಪ್ರತಿ ಮಾಡಿಸಿದೆ. ಅಂಚಿಗೆ ಮುಮ್ತಾಜ್ ಕೊಟ್ಟ ಕೆಂಪು ಗಾಜಿನ ಬಳೆಯ ಚೂರುಗಳನ್ನಿಟ್ಟೆ. ಕೆಳಗೆ ಒಂದು ಕಾಗದದ ಪಟ್ಟಿಯ ಮೇಲೆ ನನ್ನ ದುಂಡು ಅಕ್ಷರದಲ್ಲಿ, “ನನ್ನ ಹೆಂಡತಿ ಅಲಿವೇಲಮ್ಮ” ಎಂದು ಬರೆದೆ. ಅವಳು ಬಂದು ನೋಡಿದಳು. “ಅವಾಗ ನಾನು ಯಾರ ಹೆಂಡ್ತಿ?” ಎಂದಳು. ಸರಿಯಾದ ಪ್ರಶ್ನೆ. ಆ ಪಟ್ಟಿಯನ್ನು ಕಿತ್ತು ಹೊಸ ಪಟ್ಟಿ ಅಂಟಿಸಿ ಪೆನ್ನನ್ನು ಅವಳಿಗೇ ಕೊಟ್ಟೆ. ಅವಳು ಸಾಮಾನಿನ ಚೀಟಿಗಿಂತ ಹೆಚ್ಚೇನೂ ಬರೆಯದೆ ವರ್ಷಗಳಾಗಿದ್ದವು. ಒಂದೊಂದೇ ಅಕ್ಷರ ಒತ್ತಿ ಒತ್ತಿ, ಎಲ್ಲಿಯೂ ನಿಂತು ಯೋಚಿಸದೆ, ಕೂತ ಸಾಲಿನ ಪ್ರಕಾರ ಒಂಬತ್ತೂ ಹುಡುಗಿಯರ ಹೆಸರು ಬರೆದಳು.

ಹತ್ತನೇ ವಾರ ಎಲ್ಲರೂ ತಮ್ಮ ಪುಸ್ತಕದಿಂದ ಒಂದು ಪುಟ ತೋರಿಸಿ ಮಾತನಾಡಬೇಕಿತ್ತು. ನನ್ನ ಸರದಿ ಬಂದಾಗ ಫೋನನ್ನು ಅಲಿವೇಲಮ್ಮನ ಮುಂದಿಟ್ಟು ನಾನು ಪಕ್ಕಕ್ಕೆ ಸರಿದೆ. ಅವಳು ಮೊದಲು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, “ಈಕೆ ಮುಮ್ತಾಜು. ಇವಳು ಕೂತಿದ್ರೆ ನಂಗೆ ಧೈರ್ಯ. ಈಕೆ ನರಸಮ್ಮ, ಓಡೋದ್ರಾಗೆ ನನಗಿಂತ ಮುಂದು, ಆದ್ರೆ ನಗಿಸಿದ್ರೆ ಬಿದ್ದೋಗೋಳು” ಎಂದು ಶುರು ಮಾಡಿದಳು. ಎರಡು ನಿಮಿಷದ ಮಾತು ಇಪ್ಪತ್ತಕ್ಕೆ ಹೋಯಿತು. ಯಾರೂ ತಡೆಯಲಿಲ್ಲ. ಎದುರು ತಂಡದ ಮೂರನೆಯ ಹುಡುಗಿಯ ಹಿಮ್ಮಡಿಗೆ ಹಾರಿದ ಘಟ್ಟಕ್ಕೆ ಬಂದಾಗ ಹದಿಮೂರು ಚೌಕಗಳೂ ಪರದೆಯ ಹತ್ತಿರ ಬಗ್ಗಿದ್ದವು. “ಸೀಟಿ ಊದಿದ್ರು. ಗೆದ್ವಿ” ಎಂದಾಗ ಆ ಫೋನಿನಿಂದ ಎದ್ದ ಗದ್ದಲಕ್ಕೆ ಪಕ್ಕದ ಮನೆಯವರು ಬಂದು ಏನಾಯಿತೆಂದು ವಿಚಾರಿಸಿದರು. ಚೈತ್ರಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, “ಸರ್, ಮುಂದಿನ ಬ್ಯಾಚಿಗೆ ಇವರನ್ನ ಕಳಿಸಿ. ನೀವು ಬೇಡ” ಎಂದರು.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿಯಲಿಲ್ಲ. ಫೋನು ಹಿಡಿಯಲು ಕಲಿತ ಅಲಿವೇಲಮ್ಮ, ಸಿರಾದಿಂದ ಮುಮ್ತಾಜ್, ಇಬ್ಬರೂ ಸೇರಿ ಉಳಿದವರನ್ನು ಹುಡುಕತೊಡಗಿದರು. ಒಬ್ಬಳು ತೀರಿಹೋಗಿದ್ದಳು, ಅವಳ ಹೆಸರಿನ ಪಕ್ಕ ಅಲಿವೇಲಮ್ಮ ಒಂದು ಹೂವಿನ ಎಸಳು ಅಂಟಿಸಿದಳು. ಇಬ್ಬರ ಸುಳಿವು ಸಿಗಲಿಲ್ಲ. ನಾಲ್ವರು ಸಿಕ್ಕರು, ಇವರಿಬ್ಬರೂ ಸೇರಿ ಆರು ಜನರಾದರು. ಒಬ್ಬಳು ದೊಡ್ಡೇರಿಯಲ್ಲೇ ಇದ್ದಳು, ನಮ್ಮ ಮಗ್ಗುಲಲ್ಲಿ. ಒಂದು ಭಾನುವಾರ ಬೆಳಗ್ಗೆ ಎಲ್ಲರೂ ಮಧುಗಿರಿಗೆ ಬಂದರು. ಒಬ್ಬಟ್ಟಿನ ಊಟ ಆಮೇಲೆ, ಮೊದಲು ಮೈದಾನ ಎಂದು ಅಲಿವೇಲಮ್ಮನ ಆಜ್ಞೆಯಾಯಿತು. ಸುಮ ಕ್ಯಾಮೆರಾ ಹಿಡಿದುಕೊಂಡಳು. ಬೆಟ್ಟದ ನೆರಳು ಇನ್ನೂ ಪೂರ್ತಿ ಸರಿಯದ ಮೈದಾನಕ್ಕೆ ಸೀರೆ, ಬುರ್ಖಾ, ಮೊಣಕಾಲಿನ ಪಟ್ಟಿ, ಸಕ್ಕರೆ ಕಾಯಿಲೆಯ ಮಾತ್ರೆ ಸಮೇತ ಆರು ಜನ ಆಟಗಾರ್ತಿಯರು ಇಳಿದರು.

ಐದು ಜನ ಸಾಲಾಗಿ ಕೂತರು. ಅಟ್ಟಲು ಮುಮ್ತಾಜ್ ನಿಂತರು. ಓಡಲು ಯಾರೂ ಇರಲಿಲ್ಲ. ಆರೂ ಜನ ಒಟ್ಟಿಗೆ ನನ್ನ ಕಡೆ ತಿರುಗಿ ನೋಡಿದರು.

ನಾನು ಓಡುವ ಬಸ್ಸಿನಿಂದ ಇಳಿದು, ಓಡುವ ಬಸ್ಸಿಗೆ ಹತ್ತಿದವನು. ಅಜ್ಜಿಯರಿಂದ ತಪ್ಪಿಸಿಕೊಳ್ಳಲು ನನಗೇನು ಕಷ್ಟ ಎಂದುಕೊಂಡು ಪಂಚೆ ಎತ್ತಿ ಕಟ್ಟಿದೆ. ಸುಮ ಸೀಟಿ ಊದಿದಳು. ಮುಮ್ತಾಜರಿಂದ ತಪ್ಪಿಸಿಕೊಂಡೆ. ನರಸಮ್ಮನಿಂದಲೂ ತಪ್ಪಿಸಿಕೊಂಡೆ, ಆಕೆ ನಗಲು ಶುರುಮಾಡಿ ಕೂತುಬಿಟ್ಟರು. ಜಂಬ ಬಂತು. ತಿರುಗಿ ನೋಡಿ ಹಲ್ಲು ಕಿರಿಯುವಷ್ಟರಲ್ಲಿ ಯಾರೋ ಯಾರ ಬೆನ್ನನ್ನೋ ತಟ್ಟಿದರು. ಸಾಲಿನ ಕೊನೆಯಿಂದ ಅಲಿವೇಲಮ್ಮ ಎದ್ದಳು.

ಎದ್ದದ್ದು ನಾನು ಕಂಡ ಅಲಿವೇಲಮ್ಮನಲ್ಲ. ಸೆರಗು ಸೊಂಟದಲ್ಲಿ, ಕಣ್ಣು ನನ್ನ ಕಾಲಿನಲ್ಲಿ. ಓಡಿ ಕಂಬದ ಹತ್ತಿರ ಹೋದೆ. ಅವಳು ಎಡಕ್ಕೆ ಹೊರಟವಳಂತೆ ಹೆಗಲು ತಿರುಗಿಸಿದಳು. ನಾನು ನಂಬಿ ಬಲಕ್ಕೆ ಹಾರಿದೆ. ಅವಳ ಕೈ ಅಲ್ಲೇ ಕಾಯುತ್ತಿತ್ತು. ಬೆನ್ನಿಗೆ ಬಿದ್ದ ಏಟಿಗೆ ನಾನು ಮಣ್ಣಿನಲ್ಲಿ ಕೂತೆ. ಕೂತವರೆಲ್ಲ ಎದ್ದು ಕುಣಿದರು. ಸುಮ ಕ್ಯಾಮೆರಾ ಒತ್ತುತ್ತಲೇ ಇದ್ದಳು.

ಅಲಿವೇಲಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೆರಗನ್ನು ಇನ್ನೂ ಬಿಗಿಯಾಗಿ ಸಿಕ್ಕಿಸಿ, ಎರಡೂ ಕೈ ಸೊಂಟದ ಮೇಲಿಟ್ಟು, ಏದುಸಿರು ಬಿಡುತ್ತಲೇ ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದಳು: “ಇವರದ್ದಾಯ್ತು! ಇನ್ಯಾರವ್ರೆ, ಕಳಿಸ್ರೀ!”